ಡೆಲ್ಮರ್ ಇಂಜಿನ್ನಿನ ಸದ್ದು

ಡೆಲ್ಮರ್ ಕೊರಿಯಾ ಯುದ್ಧದಿಂದ ಹಿಂದಿರುಗಲಿಲ್ಲ. ಒಣಗಿದ ಕೆರೆಯಂಗಳದಲ್ಲಿ ನಡೆಯುವ ಕಾರ್ ರೇಸಿಗೆಂದು ಮಡ್‌ಗಾರ್ಡು, ಬಾನೆಟ್ಟು ಕಿತ್ತೆಸೆದು ಅವನು ಕಟ್ಟಿದ್ದ ಕಾರನ್ನು ಹೆಂಡತಿ ವೆಲ್ಡಾ ಅವನ ಗೆಳೆಯ ಆರ್ವಿಲ್‌ಗೇ ಮಾರಿದಳು. ಆರ್ವಿಲ್ ದಿನಾ ಸಂಜೆ ಅವಳ ಮನೆ ಮುಂದೆಯೇ ಹಾದುಹೋಗುವವನು. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಆ ಇಂಜಿನ್ನಿನ ಒಂದು ವಾಲ್ವು ಮೊದಲಿನಿಂದಲೂ ಟಿಕ್ ಟಿಕ್ ಎನ್ನುತ್ತಿತ್ತು. ಮೂಲೆಯ ಪೆಟ್ರೋಲ್ ಬಂಕಿನ ಬಳಿ ಅದು ಕೇಳಿಸಿದೊಡನೆ, ಗಂಡ ಬಂದನೆಂದು ವೆಲ್ಡಾ ಕಾಫಿಗೆ ಇಡುತ್ತಿದ್ದಳು. ಈಗಲೂ ಕೇಳಿಸಿದರೆ ಕೈ ತಾನಾಗಿಯೇ ಒಲೆಯ ಕಡೆ ಹೋಗುತ್ತಿತ್ತು.

ಒಂದು ವಾರ ಸದ್ದೇ ಇರಲಿಲ್ಲ. ಶನಿವಾರ ಬಾಗಿಲಲ್ಲೇ ಹಾರ್ನ್ ಕೇಳಿ ಬೆಚ್ಚಿಬಿದ್ದು ಹೊರಬಂದರೆ, ಮೈಕೈಯೆಲ್ಲ ಗ್ರೀಸು ಮೆತ್ತಿಕೊಂಡ ಆರ್ವಿಲ್ ಹಲ್ಲುಕಿರಿಯುತ್ತ ಕಾರಿನಲ್ಲಿ ಕೂತಿದ್ದ.

"ಅತ್ತಿಗೆ, ಇಂಜಿನ್ ಪೂರ್ತಿ ಬಿಚ್ಚಿ ಆ ದರಿದ್ರ ಟಿಕ್ ಟಿಕ್ ತೆಗೆದುಬಿಟ್ಟೆ! ಈಗ ಕೇಳಿ, ಬೆಣ್ಣೆ ಥರ ಇದೆ. ಪಾಪ, ಡೆಲ್ಮರ್ ಕೈಲಿ ನಾಲ್ಕು ವರ್ಷದಲ್ಲೂ ಇದು ಆಗ್ಲಿಲ್ಲ."

"ಆಗ್ಲಿಲ್ಲ ಅಂತ ಯಾವನೋ ಹೇಳಿದ್ದು? ಇರ್ಲಿ ಬಿಡು ಅಂತ ನಾನೇ ಅಂದಿದ್ದೆ."

ಆರ್ವಿಲ್ ಇಂಜಿನ್ ಆಫ್ ಮಾಡಿದ. ತಲೆ ಎತ್ತಲಾರದೆ ಸ್ಟೀರಿಂಗ್ ಒರೆಸತೊಡಗಿದ.

"ಒಳಗೆ ಬಾ," ಎಂದಳು ವೆಲ್ಡಾ. "ಕಾಫಿ ಇನ್ನೂ ಇಟ್ಟಿಲ್ಲ. ಬಂದಿದ್ದು ಗೊತ್ತಾಗ್ಲಿಲ್ಲ."