ಅಪ್ಪ ಕೂಡಿಸಿದ ಗುಡಾಣ

ದ್ವೀಪದ ಮ್ಯೂಸಿಯಂ ಎಂದರೆ ಮೂರೇ ಕೋಣೆ; ಮೊದಲು ಅದು ಬಲೆ ಇಡುವ ಶೆಡ್ಡಾಗಿತ್ತು. ದಿಬ್ಬದಲ್ಲಿ ಬಾವಿ ತೋಡುವಾಗ ಪುರಾತನ ಮಡಕೆಚೂರು ಸಿಕ್ಕಿದ್ದೇ ತಡ, ಶಾಲೆಯ ಮೇಷ್ಟ್ರು ಬುಟ್ಟಿಗಟ್ಟಲೆ ಹೊತ್ತು ತಂದು ಅಲ್ಲಿ ಸುರಿದರು. ಜನ ತಮ್ಮ ಮನೆಯಲ್ಲಿದ್ದ ಕಲ್ಲುಕೊಡಲಿ, ಮಣಿ, ಈಟಿಯ ಮೊನೆ ತಂದುಕೊಟ್ಟರು. ಆದರೂ ದೋಣಿ ಹತ್ತಿ ಬಂದವರೆಲ್ಲ ನಿಂತು ನೋಡುತ್ತಿದ್ದುದು ಒಂದನ್ನೇ: ಮೇಷ್ಟ್ರು ಚೂರಿಗೆ ಚೂರು ಅಂಟಿಸಿ ಎಬ್ಬಿಸಿದ ಎದೆಯೆತ್ತರದ ಗುಡಾಣ.

ಈಗ ಮ್ಯೂಸಿಯಂ ಅವರ ಮಗಳ ಕೈಯಲ್ಲಿದೆ. ಅಂಟು ಹಳತಾಗಿ, ಬೆಳಗಾದರೆ ಗುಡಾಣದ ಕೆಳಗೆ ಪುಡಿ. ಗುಡಿಸಿ ಗುಡಿಸಿ ಅವಳಿಗೆ ಸಾಕಾಗಿತ್ತು. ಬಿಚ್ಚದಿದ್ದರೆ ತಾನೇ ಬೀಳುತ್ತದೆ. ಬಿಚ್ಚಿದರೆ ಮತ್ತೆ ಏಳುವುದಿಲ್ಲ. ಏಕೆಂದರೆ ಅದು ಒಂದಲ್ಲ, ಎರಡು ಗುಡಾಣ: ಮೇಲಿನದು ಕೆಂಪು ಮಣ್ಣು, ಕೆಳಗಿನದು ಬೂದು. ಸುಡುವಾಗ ಬೆಂಕಿ ಒಂದೇ ಸಮ ತಾಗದೆ ಬಣ್ಣ ಬೇರೆಯಾಗಿದೆ ಎಂದು ಅಪ್ಪ ನಂಬಿದ್ದರು. ಈ ವಯಸ್ಸಿನಲ್ಲಿ ಅವರಿಗೆ ಹೇಗೆ ಹೇಳುವುದು?

"ನೀನು ಹೇಳ್ತೀಯೋ, ಇಲ್ಲಾ ಗುಡಾಣವೇ ಬಿದ್ದು ಹೇಳುತ್ತೋ?" ಎಂದಳು ಟಿಕೆಟ್ ಕೊಡುವ ಚಿಕ್ಕಮ್ಮ.

"ನೀವೇ ಹೇಳ್ಬಿಡಿ."

"ಅಯ್ಯೋ, ನಾನೊಲ್ಲೆ ತಾಯಿ! ಮದುವೆ ದಿನಾನೂ ಜೇಬಲ್ಲಿ ಚೂರಿಟ್ಕೊಂಡಿದ್ದೋರು ನಮ್ಮ ಭಾವ."

ಮಧ್ಯಾಹ್ನ ಮೇಷ್ಟ್ರು ಬಂದು, ಎಂದಿನಂತೆ ಗುಡಾಣದೆದುರು ಕುರ್ಚಿ ಎಳೆದುಕೊಂಡರು.

"ಅಪ್ಪಾ, ಇದನ್ನ ಬಿಚ್ಚಬೇಕು."

"ಬಿಚ್ಚು. ಮತ್ತೆ ಕೂಡಿಸಿದರಾಯ್ತು."

"ಕೂಡಲ್ಲಪ್ಪಾ. ಇದು ಎರಡು ಗುಡಾಣ."

ಮೇಷ್ಟ್ರು ಬಗ್ಗಿ ಅದರ ನಡುವನ್ನು ನೋಡಿದರು. "ಅದಕ್ಕೇನೇ! ಈ ಸೊಂಟ ಕೂಡಿಸೋಕೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ನನಗೇ ಬುದ್ಧಿ ಸಾಲದು ಅಂದ್ಕೊಂಡಿದ್ದೆ." ಆಮೇಲೆ ಗುಡಾಣದತ್ತ ಕೈ ತೋರಿ, "ಪಾಪ, ಇಷ್ಟು ಕಾಲ ಒತ್ತಾಯದ ಸಂಸಾರ ಮಾಡಿವೆ," ಎಂದರು.

ಅವಳಿಗೆ ನಗು ಬಂತು. ಜೊತೆಗೆ, ಎಲ್ಲಾದರೂ ಮಲಗಿಬಿಡೋಣ ಎನ್ನುವಷ್ಟು ಆಯಾಸವೂ. ಅಂಟು ಮೆತ್ತಗಾಗಲೆಂದು ಬಿಸಿನೀರಲ್ಲಿ ಅದ್ದಿದ ಹತ್ತಿಯನ್ನು ಬಿರುಕಿಗೆ ಒತ್ತಿದಳು. ಮೇಷ್ಟ್ರು ಎದ್ದು ಎರಡೂ ಕೈಯಿಂದ ಗುಡಾಣವನ್ನು ತಬ್ಬಿ ಹಿಡಿದರು. ಬಾಯಂಚಿನ ಮೊದಲ ಚೂರು ಸದ್ದಿಲ್ಲದೆ ಕಳಚಿಕೊಂಡಿತು.

"ನಾಳೆ ದೋಣಿಯಲ್ಲಿ ಬರೋರಿಗೆ ಏನು ತೋರಿಸ್ತೀಯಮ್ಮ?"

"ಚೂರು."

"ಚೂರು ನೋಡೋಕೆ ಯಾರು ಬರ್ತಾರೆ?"

"ನೀವು ಬರ್ತೀರಲ್ಲ."

"ನಾನೆಲ್ಲಿ ಟಿಕೆಟ್ ತಗೋತೀನಿ?" ಎಂದರು ಮೇಷ್ಟ್ರು.

ಬಾಗಿಲು ಹಾಕುವ ಹೊತ್ತಿಗೆ ಚಿಕ್ಕಮ್ಮ ಹೊಸಿಲಲ್ಲೇ ಅಡ್ಡ ನಿಂತು ಅಂಗೈ ಚಾಚಿದಳು. "ಭಾವ, ಜೇಬಲ್ಲಿರೋದು ಕೊಡಿ."

ಮೇಷ್ಟ್ರು ನಿಧಾನವಾಗಿ ಚೂರನ್ನು ತೆಗೆದು ಮಗಳ ಕೈಗಿತ್ತರು.

"ಕೆಂಪಿನದು ಇದು. ಬೂದಿನ ಜೊತೆ ಸೇರಿಸಬೇಡ."