ಲಾರಿಯೊಳಗಿನ ಹೊಲಿಗೆ

ಗಂಡ ಇನ್ನೊಬ್ಬಳ ಕಣ್ಣನ್ನೋ ಕೂದಲನ್ನೋ ಹೊಗಳಿದ್ದರೆ ರಾಹಿಲಾ ಒಂದು ದಿನ ಮುಖ ಊದಿಸಿಕೊಂಡು ಮರೆತುಬಿಡುತ್ತಿದ್ದಳು. ಆದರೆ ಸಫ್ರಾಝ್ ಹೊಗಳಿದ್ದು ಇನ್ನೊಬ್ಬಳ ಹೊಲಿಗೆಯನ್ನು. ಅದೂ ಯಾರ ಮುಂದೆ? ಕಾಪು ಪೇಟೆಯಲ್ಲಿ ಮದುವೆ ಬ್ಲೌಸ್ ಎಂದರೆ ಮೊದಲು ಯಾರ ಹೆಸರು ಬರುತ್ತದೋ, ಟೈಲರಾದ ಆ ಹೆಂಡತಿಯ ಮುಂದೆ! ಇಂಥ ಗಂಡಸರಿಗೆ ಬುದ್ಧಿ ಹೇಳುವವರು ಯಾರು?

ಆದದ್ದು ಇಷ್ಟು. ರಾಹಿಲಾಳ ಹೊಲಿಗೆ ಮೆಷಿನ್ ಕಿರಿಕಿರಿ ಮಾಡುತ್ತಿತ್ತು, ಉಡುಪಿಯಲ್ಲಿ ರಿಪೇರಿಗೆ ಕೊಡಬೇಕಿತ್ತು. ಸಫ್ರಾಝ್ ಉಡುಪಿಯಲ್ಲಿ ಮೌರಿಸ್ ಸರ್ ಅವರ ಫರ್ನಿಚರ್ ಅಂಗಡಿಯ ಡೆಲಿವರಿ ಲಾರಿ ಓಡಿಸುವವನು. ಮಣಿಪಾಲದ ಫ್ಲ್ಯಾಟುಗಳಿಗೆ, ಶಿರ್ವದ ದೊಡ್ಡ ಮನೆಗಳಿಗೆ, ಕಾರ್ಕಳದವರೆಗೂ ಮಂಚ, ಕಪಾಟು, ಸೋಫಾ ಮುಟ್ಟಿಸುವುದು ಅವನ ಕೆಲಸ. ಆ ದಿನ ಬೆಳಿಗ್ಗೆ ಅವನೇ ಮೆಷಿನ್ ಹೊತ್ತು ತಂದು ಲಾರಿಯ ಹಿಂಬಾಗಿಲು ತೆರೆದ. ರಾಹಿಲಾ ಸುಮ್ಮನೆ ಒಳಗೆ ಇಣುಕಿದಳು. ಇಣುಕಿದವಳು ಅಲ್ಲೇ ನಿಂತುಬಿಟ್ಟಳು.

ಮೊದಲು ಆ ಲಾರಿಯ ಹೊಟ್ಟೆ ಹಂದಿಗೂಡಿನ ಹಾಗಿತ್ತು. ಸಾಮಾನು ಕಟ್ಟುವ ಬೆಲ್ಟುಗಳು ಒಂದಕ್ಕೊಂದು ಹೆಣೆದುಕೊಂಡು ಮೂಲೆಯಲ್ಲಿ ಬಿದ್ದಿರುತ್ತಿದ್ದವು, ಹಗ್ಗ ಕಾಲಿಗೆ ತೊಡರುತ್ತಿತ್ತು, ಬೆಲ್ಟು ಬಿಗಿಯುವ ಕಬ್ಬಿಣದ ರ್ಯಾಚೆಟ್‌ಗಳು ಎಲ್ಲೆಂದರಲ್ಲಿ ಉರುಳಾಡುತ್ತಿದ್ದವು. ಈಗ ನೋಡಿದರೆ ಎಡಗೋಡೆಗೆ ಹಸಿರು ಕ್ಯಾನ್ವಾಸಿನ ಉದ್ದ ಚೀಲವೊಂದು ತೂಗಾಡುತ್ತಿದೆ. ಅದರ ತುಂಬ ಜೇಬುಗಳು. ಒಂದೊಂದು ಜೇಬಿನಲ್ಲೂ ಚಕ್ಕುಲಿಯಂತೆ ಸುತ್ತಿಟ್ಟ ಬೆಲ್ಟು. ಕೆಳಗಿನ ಅಗಲ ಜೇಬುಗಳಲ್ಲಿ ರ್ಯಾಚೆಟ್‌ಗಳು, ಪಕ್ಕದಲ್ಲಿ ಹಗ್ಗ, ಕೊನೆಯಲ್ಲಿ ಮರಕ್ಕೆ ಗೀರು ಬೀಳದ ಹಾಗೆ ಮೂಲೆಗಿಡುವ ರಬ್ಬರ್ ತುಂಡುಗಳು. ಮನೆಯಲ್ಲಿ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವ ಗಂಡ ಇಲ್ಲಿ ಒಂದೊಂದು ಬೆಲ್ಟಿಗೂ ಜಾಗ ಮಾಡಿ ಇಟ್ಟಿದ್ದಾನೆ!

ಆದರೆ ರಾಹಿಲಾಳ ಕಣ್ಣು ನೆಟ್ಟದ್ದು ಜೇಬುಗಳ ಮೂಲೆಯಲ್ಲಿ. ಭಾರ ಬಿದ್ದಾಗ ಹರಿಯದ ಹಾಗೆ ಪ್ರತಿ ಮೂಲೆಗೂ ಪುಟ್ಟ ತ್ರಿಕೋನ ಹೊಲಿಗೆ. ಆ ತ್ರಿಕೋನ ಅವಳದೇ. ಅದನ್ನು ಅವಳು ಕಲಿಸಿದ್ದು ಒಬ್ಬಳಿಗೆ ಮಾತ್ರ.

"ಇದು ಯಾರು ಹೊಲಿದದ್ದು?" ಕೇಳುವ ಮೊದಲೇ ಉತ್ತರ ಗೊತ್ತಿತ್ತು.

"ಶಿರ್ವದ ಶಿಫಾನಾ. ಎಂತ ಹೊಲಿಗೆ ಮಾರಾಯ್ತಿ! ಕಬ್ಬಿಣ ತುಂಬಿಸಿ ಜಗ್ಗಿದರೂ ಅಲ್ಲಾಡುವುದಿಲ್ಲ. ಮೌರಿಸ್ ಸರ್ ನೋಡಿ ಖುಷಿಯಾಗಿದ್ದಾರೆ. ಅಂಗಡಿಯ ಎಲ್ಲ ಲಾರಿಗೂ ಅವಳಿಂದಲೇ ಹೊಲಿಸುವ ಅಂತ ಹೇಳಿದ್ದಾರೆ."

"ನನ್ನ ಹತ್ತಿರ ಕೇಳಬಹುದಿತ್ತಲ್ಲ?"

"ಕೇಳಿದ್ದೆನಲ್ಲ! ಪೆರ್ನಾಲ್ ಮೊದಲು. ಆ ಗಲೀಜು ಬಟ್ಟೆ ನನ್ನ ಮೆಷಿನ್ ಹತ್ತಿರ ತರಬೇಡಿ ಅಂತ ನೀನೇ ಓಡಿಸಿದ್ದಲ್ವಾ?"

ಓಡಿಸಿದ್ದು ನಿಜ. ಪೆರ್ನಾಲ್ ಹಬ್ಬದ ಗಡಿಬಿಡಿ, ತಲೆಯ ಮೇಲೆ ಬಟ್ಟೆಯ ರಾಶಿ, ಇನ್ನೇನು ಹೇಳಬೇಕಿತ್ತು? ಮತ್ತೊಮ್ಮೆ ಕೇಳಿದ್ದರೆ ಇವನ ಗಂಟು ಹೋಗುತ್ತಿತ್ತೇ? ತನ್ನ ತಪ್ಪು ನೆನಪಾದದ್ದೇ ಅವಳ ಸಿಟ್ಟು ಇನ್ನಷ್ಟು ಏರಿತು. ಏನಾದರೂ ಕುಂದು ಹುಡುಕಬೇಕಲ್ಲ ಎಂದು, "ಇಷ್ಟು ಕೆಳಗೆ ಯಾರಾದರೂ ಜೇಬು ಇಡುತ್ತಾರಾ? ಅಳತೆ ಗೊತ್ತಿಲ್ಲ ಅವಳಿಗೆ" ಎಂದಳು.

"ಬಲಗೈ ಮೇಲೆತ್ತಿದರೆ ನನಗೆ ಭುಜ ಹಿಡಿಯುತ್ತದೆ. ಮಳೆಗಾಲದಿಂದಲೂ ಉಂಟು. ನಾನು ಕೈ ಎತ್ತುವುದು ನೋಡಿಯೇ ಅವಳಿಗೆ ಗೊತ್ತಾಯಿತು, ಕೆಳಗೆ ಇಡುವ ಅಂತ ಅವಳೇ ಹೇಳಿದಳು."

ಅಲ್ಲಿಗೆ ಮುಗಿಯಿತು. ಭುಜ! ಒಂದೇ ಚಾಪೆಯಲ್ಲಿ ಮಲಗುವವಳಿಗೆ ಗೊತ್ತಿಲ್ಲದ ಭುಜ ಅಳತೆ ಟೇಪು ಹಿಡಿದು ಬಂದವಳಿಗೆ ಗೊತ್ತಾಯಿತು. ಸಫ್ರಾಝ್ ಪಾಪ, ಏನೂ ತಿಳಿಯದೆ ಚೀಲದಿಂದ ಒಂದು ಬೆಲ್ಟು ಎಳೆದು ರಾಹಿಲಾಳ ಮೆಷಿನ್ನನ್ನು ಗೋಡೆಗೆ ಕಟ್ಟಿದ. ಶಿಫಾನಾಳ ಜೇಬಿನ ಬೆಲ್ಟಿನಲ್ಲಿ ತನ್ನ ಮೆಷಿನ್ ಕೈದಿಯ ಹಾಗೆ ನಿಂತದ್ದನ್ನು ನೋಡಿ ರಾಹಿಲಾಳಿಗೆ ಮೈಯೆಲ್ಲ ಉರಿಯಿತು.

ಈ ಶಿಫಾನಾ ಯಾರು ಎಂದರೆ, ಒಂದು ಕಾಲದಲ್ಲಿ ರಾಹಿಲಾಳ ಅಂಗಡಿಯಲ್ಲಿ ನೂಲಿನ ಚೂರು ಗುಡಿಸುತ್ತಾ ಹೊಲಿಗೆ ಕಲಿತವಳು. ಕೈ ಹಿಡಿದು ಕಲಿಸಿದ್ದು ರಾಹಿಲಾ. ಕಲಿತವಳು ಶಿರ್ವದಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದಳು. ಮೊದಲು ಕಾಪುವಿನವರೆಗೆ ಬರುತ್ತಿದ್ದ ಶಿರ್ವದ ಹೆಂಗಸರು ಅಲ್ಲೇ ನಿಂತರು. ಗಿರಾಕಿಗಳನ್ನು ಕೊಂಡುಹೋದದ್ದನ್ನು ರಾಹಿಲಾ ಹೇಗೋ ನುಂಗಿಕೊಂಡಿದ್ದಳು. ಆದರೆ ಗಂಡ? ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಒಂದು ಹೊಲಿಗೆಯನ್ನಾದರೂ ಅವನು ಚೆನ್ನಾಗಿದೆ ಎಂದದ್ದಿಲ್ಲ. ಮೌರಿಸ್ ಸರ್‌ನ ಆ ಕೆಲಸ ತನಗೆ ಸಿಗಬೇಕು, ಗಂಡನ ಬಾಯಿಯ ಆ ಮಾತೂ ತನಗೇ ಸಿಗಬೇಕು. ಅವಳಿಗೆ ಬೇರೇನೂ ಬೇಡವಾಯಿತು.

ಶುಕ್ರವಾರ ಸಫ್ರಾಝ್ ಲೋಡು ಹಾಕಿದ ಲಾರಿಯನ್ನು ಮನೆಯ ಮುಂದೆ ನಿಲ್ಲಿಸಿ ಜುಮಾ ನಮಾಝಿಗೆ ಹೋದ. ನಮಾಝ್ ಮುಗಿಸಿ, ಊಟ ಮಾಡಿ, ದಾರಿಯಲ್ಲಿ ಶಿರ್ವದಲ್ಲಿ ಲೋಡಿಂಗಿನ ದೂಮಪ್ಪನನ್ನು ಹತ್ತಿಸಿಕೊಂಡು ಕಾರ್ಕಳಕ್ಕೆ ಹೋಗುವುದು ಕ್ರಮ. ಬೀಗದ ಕೈ ಮೊಳೆಯಲ್ಲಿ ನೇತಾಡುತ್ತಿತ್ತು. ಬರೀ ನೋಡಿ ಬರುವ ಎಂದು ರಾಹಿಲಾ ಮನಸ್ಸಿಗೆ ಹೇಳಿಕೊಂಡಳು. ಬರೀ ನೋಡಲು ಹೋಗುವವಳು ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಯಾಕೆ ಜೊತೆಗೆ ಕೊಂಡುಹೋಗಬೇಕು, ಹೇಳಿ!

ಒಳಗೆ ಸೆಖೆ. ಕಂಬಳಿ ಹೊದೆಸಿ ಬೆಲ್ಟು ಬಿಗಿದ ಒಂದು ಡ್ರೆಸ್ಸಿಂಗ್ ಟೇಬಲ್ ಮತ್ತು ಮಂಚ ಆ ಬದಿಗೆ ನಿಂತಿದ್ದವು. ರಾಹಿಲಾ ಅವುಗಳ ಕಡೆ ನೋಡಲೂ ಇಲ್ಲ. ಚೀಲದ ಹೊಲಿಗೆಯ ಮೇಲೆ ಬೆರಳಾಡಿಸಿದಳು, ಒಂದೂ ಗಂಟು ಸಿಗಲಿಲ್ಲ. ಒಳಗಿನ ಅಂಚು ಮಗುಚಿ ನೋಡಿದಳು, ಅಲ್ಲಿಯೂ ಅಚ್ಚುಕಟ್ಟು. ಒಂದು ಸೊಟ್ಟ ಹೊಲಿಗೆ ಸಿಕ್ಕಿದ್ದರೂ ಸಾಕಿತ್ತು, ಬೈದುಕೊಂಡು ಇಳಿದುಬಿಡುತ್ತಿದ್ದಳು. ಸಿಗಲಿಲ್ಲ. ಅವಳು ರ್ಯಾಚೆಟ್ ಜೇಬಿನ ತಳಕ್ಕೆ ಕೊಕ್ಕೆ ಹಾಕಿ ಅಲ್ಲೊಂದು ಇಲ್ಲೊಂದು ನೂಲು ಕಡಿದಳು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದ ಹಾಗೆ. ನಾಳೆಯೋ ನಾಡಿದ್ದೋ ಜೇಬು ಬಾಯಿ ಬಿಡಬೇಕು, ಸಾಮಾನು ಚೆಲ್ಲಬೇಕು, ಶಿಫಾನಾಳ ಹೊಲಿಗೆ ಇಷ್ಟೇ ಎಂದು ಮೌರಿಸ್ ಸರ್ ಮುಖ ಸಿಂಡರಿಸಬೇಕು. ಅಷ್ಟೇ ಅವಳು ಬಯಸಿದ್ದು.

ಗಂಡನಿಗೆ ಊಟ ಬಡಿಸುವಾಗ ಎಂದೂ ಇಲ್ಲದಷ್ಟು ಮೀನು ಹಾಕಿದಳು. ಅವನು ಆಶ್ಚರ್ಯಪಟ್ಟರೂ ತಿಂದು ಹೋದ.

ಸಂಜೆ ಅವನು ಮರಳಿದಾಗ ಮುಖದಲ್ಲಿ ರಕ್ತವಿರಲಿಲ್ಲ. ಆ ಹಸಿರು ಚೀಲವನ್ನು ಜಗಲಿಯ ಮೇಲೆ ಹಾಕಿ ಗೋಡೆಗೊರಗಿ ಕೂತ. ಬೆಳ್ಮಣ್ ದಾಟಿದ ಮೇಲೆ ತಿರುವಿನಲ್ಲಿ ಜೇಬಿನ ತಳ ಬಿಟ್ಟಿತ್ತು. ಕಬ್ಬಿಣದ ರ್ಯಾಚೆಟ್‌ಗಳು ಲಾರಿಯ ತಗಡಿನ ನೆಲದಲ್ಲಿ ಜಾರಿಕೊಂಡು ಹೋಗಿ ಡ್ರೆಸ್ಸಿಂಗ್ ಟೇಬಲಿನ ನೆಲಮಟ್ಟದ ಉದ್ದ ಕನ್ನಡಿಯ ಮೂಲೆಗೆ ಬಡಿದಿದ್ದವು. ಕಾರ್ಕಳದ ಮನೆಯಲ್ಲಿ ಕಂಬಳಿ ತೆಗೆದಾಗ ಕನ್ನಡಿ ಚೂರು ಚೂರು. ಅದು ಮದುಮಗಳ ಕೋಣೆಗೆಂದು ತರಿಸಿದ್ದು. ಅಂಗಳದಲ್ಲಿ ಸೇರಿದ್ದ ನೆಂಟರೆಲ್ಲರ ಎದುರು ಆ ಮನೆಯವರು ಸಫ್ರಾಝನನ್ನು ಬಾಯಿಗೆ ಬಂದಂತೆ ಬೈದಿದ್ದರು.

"ಮೌರಿಸ್ ಸರ್ ಎಂತ ಹೇಳಿದರು?" ರಾಹಿಲಾ ಕೇಳಿದಳು.

"ತಪ್ಪು ಚೀಲದ್ದಾ, ನಿನ್ನದಾ ಅಂತ ಕೇಳಿದರು. ನನ್ನದೇ ಅಂದೆ. ಜಾಸ್ತಿ ಭಾರ ತುಂಬಿಸಿರಬೇಕು. ಸೋಮವಾರದಿಂದ ಲಾರಿ ಬೇಡ, ಗೋಡೌನಿನಲ್ಲಿ ಕೂತುಕೋ ಅಂದರು." ಚೀಲವನ್ನು ಅವಳ ಕಡೆ ಸರಿಸಿ ಹೇಳಿದ, "ನೀನು ಇದನ್ನು ಸರಿ ಮಾಡಿಕೊಡ್ತೀಯಾ? ಆ ಹುಡುಗಿಗೆ ಗೊತ್ತಾಗುವುದು ಬೇಡ. ಬೇಜಾರು ಮಾಡಿಕೊಳ್ಳುತ್ತಾಳೆ."

ಲಾರಿಯಿಂದಲೇ ಇಳಿಸುತ್ತಾರೆಂದು ರಾಹಿಲಾ ಎಣಿಸಿರಲಿಲ್ಲ. ಸ್ಟೇರಿಂಗ್ ಹಿಡಿಯದೆ ಈ ಮನುಷ್ಯ ಗೋಡೌನಿನ ಧೂಳಿನಲ್ಲಿ ಕೂತು ಹೇಗೆ ಬದುಕಬೇಕು? ಎಲ್ಲ ಹೇಳಿಬಿಡಲೇ ಎಂದು ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ಆ ಹುಡುಗಿಗೆ ಬೇಜಾರಾಗುತ್ತದಂತೆ! ತೆರೆದ ಬಾಯಿ ಹಾಗೆಯೇ ಮುಚ್ಚಿತು. ಚೀಲವನ್ನು ಅವಳು ಮುಟ್ಟಲೂ ಇಲ್ಲ.

ಆದರೆ ದೂಮಪ್ಪ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನಲ್ಲ. ಮರುದಿನ ಬೆಳಿಗ್ಗೆಯೇ ಶಿಫಾನಾ ಬಸ್ಸಿಳಿದು ಬಂದಳು.

"ಟೀಚರ್, ನನ್ನ ಚೀಲ ಹರಿಯಿತಂತೆ ಅಲ್ವಾ?" ಇಂದಿಗೂ ಅವಳು ರಾಹಿಲಾಳನ್ನು ಟೀಚರ್ ಎಂದೇ ಕರೆಯುತ್ತಿದ್ದಳು.

ಸಫ್ರಾಝ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವಳು ಜಗಲಿಯ ಮೇಲೆ ಕೂತು ಚೀಲವನ್ನು ಒಳಮಗುಚಿದಳು. ಜೇಬಿನ ತಳವನ್ನು ಬೆಳಕಿಗೆ ಹಿಡಿದಳು. ಭಾರಕ್ಕೆ ತುಂಡಾದ ನೂಲಿನ ತುದಿ ಎಳೆ ಎಳೆಯಾಗಿ ಹಿಂಜಿರುತ್ತದೆ, ಕಡಿದ ನೂಲಿನ ತುದಿ ನುಣ್ಣಗಿರುತ್ತದೆ. ಹೊಲಿಯುವವರಿಗೆ ಯಾರೂ ಇದನ್ನು ಹೇಳಿಕೊಡಬೇಕಾಗಿಲ್ಲ. ಶಿಫಾನಾಳ ಹೆಬ್ಬೆರಳು ಒಂದು ನುಣ್ಣನೆಯ ತುದಿಯ ಮೇಲೆ ನಿಂತಿತು, ಮುಂದೆ ಹೋಯಿತು, ಮತ್ತೊಂದರ ಮೇಲೆ ನಿಂತಿತು. ಅವಳು ತಲೆಯೆತ್ತಿ ರಾಹಿಲಾಳನ್ನು ನೋಡಿದಳು. ರಾಹಿಲಾ ಬಾಗಿಲ ದಾರಂದ ಹಿಡಿದು ನಿಂತಿದ್ದಳು.

"ನನ್ನದೇ ತಪ್ಪು ಸಫ್ರಾಝಾಕ" ಎಂದು ಅಣ್ಣನನ್ನು ಕರೆದ ಹಾಗೆ ಹೇಳಿದಳು ಶಿಫಾನಾ. "ನೂಲು ಹಳೆಯದಿತ್ತು, ನಾನು ನೋಡಲಿಲ್ಲ. ಮೌರಿಸ್ ಸರ್‌ಗೆ ನಾನೇ ಹೇಳುತ್ತೇನೆ. ನಿಮ್ಮನ್ನು ಲಾರಿಯಿಂದ ಇಳಿಸುವುದು ಬೇಡ. ಉಳಿದ ಚೀಲಗಳನ್ನು ಟೀಚರೇ ಹೊಲಿಯಲಿ. ಅವರ ಹೊಲಿಗೆ ಹರಿಯುವುದಿಲ್ಲ."

ಸಫ್ರಾಝನ ಹೆಗಲಿನ ಭಾರ ಇಳಿದದ್ದು ಕಣ್ಣಿಗೆ ಕಾಣುವಂತಿತ್ತು. "ಎಷ್ಟು ದೊಡ್ಡ ಮನಸ್ಸು ನೋಡು" ಎಂದ ಹೆಂಡತಿಯ ಕಡೆ ತಿರುಗಿ.

ಕೇಳಿದ್ದೆಲ್ಲ ಸಿಕ್ಕಿತು. ಮೌರಿಸ್ ಸರ್‌ನ ಕೆಲಸ ಸಿಕ್ಕಿತು, ಗಂಡನ ಲಾರಿ ಉಳಿಯಿತು, ಶಿಫಾನಾಳ ಹೊಲಿಗೆಗೆ ಕೆಟ್ಟ ಹೆಸರೂ ಬಂತು. ಬಾಯಿ ಮುಚ್ಚಿ ನಿಂತಿದ್ದರೆ ಸಾಕಿತ್ತು. ಆದರೆ ದೊಡ್ಡ ಮನಸ್ಸಂತೆ! ಗಿರಾಕಿಗಳನ್ನು ಕೊಂಡುಹೋದಳು, ಗಂಡನ ಭುಜದ ನೋವನ್ನು ಕೊಂಡುಹೋದಳು, ಅವನ ಬಾಯಿಯ ಹೊಗಳಿಕೆ ಕೊಂಡುಹೋದಳು. ಈಗ ಒಳ್ಳೆಯತನವನ್ನೂ ಬಾಚಿಕೊಂಡು ಹೋಗುತ್ತಾಳೋ? ಇನ್ನು ಸಾಯುವವರೆಗೂ ಈ ಹುಡುಗಿಯ ಕರುಣೆಯ ಕೂಳು ಉಣ್ಣಬೇಕೋ? ಅದೊಂದನ್ನು ಮಾತ್ರ ರಾಹಿಲಾಳಿಂದ ಸಹಿಸಲಾಗಲಿಲ್ಲ.

"ನೂಲು ಹಳೆಯದಲ್ಲ" ಎಂದಳು. ದನಿ ಅವಳಿಗೇ ಜೋರಾಗಿ ಕೇಳಿಸಿತು. "ಸುಳ್ಳು ಹೇಳುತ್ತಿದ್ದಾಳೆ ಇವಳು. ಕಡಿದದ್ದು ನಾನು."

ಸಫ್ರಾಝ್ ಒಮ್ಮೆ ಚೀಲವನ್ನು, ಒಮ್ಮೆ ಹೆಂಡತಿಯನ್ನು ನೋಡಿದ. "ನೀನಾ? ಯಾಕೆ?"

"ಯಾಕಂತ ಕೇಳುತ್ತೀರಾ? ಹೊಟ್ಟೆಕಿಚ್ಚು! ಮತ್ತೆಂತ? ನನ್ನ ಹೊಲಿಗೆಯನ್ನು ನೀವು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿದ್ದುಂಟಾ?"

ಅವನು ಬೈಯಲಿಲ್ಲ. ಬೈದಿದ್ದರೆ ಅವಳೂ ತಿರುಗಿ ನಾಲ್ಕು ಮಾತು ಆಡುತ್ತಿದ್ದಳು. ಅವನು ಎದ್ದು ಮೊಳೆಯಿಂದ ಲಾರಿಯ ಬೀಗದ ಕೈ ತೆಗೆದುಕೊಂಡ. "ನೆಂಟರ ಎದುರು ತಲೆ ತಗ್ಗಿಸಿ ನಿಂತದ್ದು ನಾನು" ಎಂದ ಮೆಲ್ಲಗೆ. "ಮೌರಿಸ್ ಸರ್ ಹತ್ತಿರ ನೀನೇ ಬಂದು ಹೇಳು. ಚೀಲಗಳನ್ನು ಶಿಫಾನಾ ಹೊಲಿಯುತ್ತಾಳೆ." ಅಷ್ಟು ಹೇಳಿ ಅಂಗಳಕ್ಕೆ ಇಳಿದ.

ಅದುವರೆಗೆ ಗಟ್ಟಿಯಾಗಿದ್ದ ಶಿಫಾನಾ ಆಗ ಅತ್ತಳು. "ನೀವು ಹೇಳಬಾರದಿತ್ತು ಟೀಚರ್" ಎಂದಳು. ರಾಹಿಲಾ ಅವಳನ್ನು ಸಮಾಧಾನ ಮಾಡಲಿಲ್ಲ. "ಅಳುವುದೆಂತಕ್ಕೆ? ಮೆಷಿನ್ ರಿಪೇರಿಯಾಗಿ ಬಂದಿದೆ, ಅಲ್ಲೇ ಉಂಟು. ಆ ಜೇಬು ಹೊಲಿದುಬಿಡು" ಎಂದು ಬುರ್ಖಾ ಹಾಕಿಕೊಳ್ಳಲು ಒಳಗೆ ಹೋದಳು.

ಹೊರಗೆ ಬಂದಾಗ ಶಿಫಾನಾ ಮೆಷಿನ್ ಮುಂದೆ ಬಗ್ಗಿ ಕೂತಿದ್ದಳು, ಕಣ್ಣಿನಲ್ಲಿ ಇನ್ನೂ ನೀರಿತ್ತು. ಕ್ಯಾನ್ವಾಸು ಸೂಜಿಯ ಕೆಳಗೆ ಜರುಗುತ್ತಿತ್ತು. ರಾಹಿಲಾ ಹೆಗಲ ಮೇಲಿನಿಂದ ಇಣುಕಿದಳು. ಗೆರೆ ಎಳೆದ ಹಾಗೆ ನೇರವಾದ ಹೊಲಿಗೆ. ಹಾಳಾದವಳು, ಅಳುತ್ತಾ ಹೊಲಿದರೂ ಎಷ್ಟು ನೇರ!

ಅಂಗಳದಲ್ಲಿ ಲಾರಿಯ ಹಾರನ್ ಆಯಿತು.

"ಚೆನ್ನಾಗಿ ಹೊಲಿಯುತ್ತೀ" ಎಂದಳು ರಾಹಿಲಾ. ಅವಳ ಬಾಯಿಯಿಂದ ಶಿಫಾನಾ ಆ ಮಾತು ಕೇಳಿದ್ದು ಅದೇ ಮೊದಲು. ಹೇಳುವಾಗಲೂ ರಾಹಿಲಾಳಿಗೆ ಹೊಟ್ಟೆ ಉರಿಯುತ್ತಲೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ಅವಳು ಲಾರಿ ಹತ್ತಿದಳು.