ಜಪ್ತಿಯಾದ ಟ್ಯೂಬುಗಳು

ಹವಳಕ್ಕೆ ಕೇಡು ಮಾಡುವ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ಯಾರೂ ಕೊಲ್ಲಿಗೆ ತರಬಾರದೆಂಬ ನಿಯಮ ಬಂದದ್ದು ಅಕ್ಕನ ಒಂಬತ್ತು ವರ್ಷದ ಹಟದಿಂದ. ಡೈವಿಂಗ್ ಕಲಿಸುತ್ತಿದ್ದ ಆಕೆ ಮುರಿದ ಹವಳದ ತುಂಡುಗಳನ್ನು ಹನ್ನೊಂದು ಕಬ್ಬಿಣದ ಚೌಕಟ್ಟುಗಳಿಗೆ ಕಟ್ಟಿ, ಜೆಟ್ಟಿಯ ಬದಿಯ ನೀರಿನಲ್ಲಿ ಬೆಳೆಸುತ್ತಿದ್ದಳು. ಮಕ್ಕಳಿಲ್ಲದ ಆಕೆ ದಿನವೂ ಅವನ್ನು ಮಾತನಾಡಿಸಿ ಬರುತ್ತಾಳೆಂದು ಅಮ್ಮ ಹಾಸ್ಯ ಮಾಡುತ್ತಿದ್ದಳು.

ನಿಯಮವನ್ನು ಜಾರಿಗೆ ತರುವ ಕೆಲಸ ನನಗೆ ಸಿಕ್ಕಿತು. ಜೆಟ್ಟಿಯ ತುದಿಯ ಕೊಠಡಿಯಲ್ಲಿ ಕುಳಿತು, ದೋಣಿ ಹತ್ತುವವರ ಚೀಲ ನೋಡಿ, ನಿಷಿದ್ಧ ಟ್ಯೂಬುಗಳನ್ನು ಜಪ್ತಿ ಮಾಡುವುದು.

“ಮನೇಲಿ ಸಾಬೂನು ಎಲ್ಲಿದೆ ಅಂತ ಗೊತ್ತಿಲ್ಲದವನು ಊರವರ ಕ್ರೀಮು ಹುಡುಕ್ತಾನಂತೆ,” ಎಂದು ಅಕ್ಕ ನಕ್ಕಳು. ಆ ನಗುವಿನಲ್ಲಿ ಹೆಮ್ಮೆಯಿತ್ತು.

ಪ್ಲಾಸ್ಟಿಕ್ ಸಂಗ್ರಹಿಸುವವರು ತೊಳೆದ ಟ್ಯೂಬುಗಳನ್ನು ಮಾತ್ರ ಒಯ್ಯುತ್ತಿದ್ದರು. ಆದ್ದರಿಂದ ಪ್ರತಿ ಸಂಜೆ ಒಂದೊಂದನ್ನೂ ಕತ್ತರಿಯಿಂದ ಸೀಳಿ, ಒಳಗಿನದನ್ನು ಕೊಠಡಿಯ ಸಿಂಕಿಗೆ ಹಿಂಡಿ, ಬೆರಳಾಡಿಸಿ ತೊಳೆಯುತ್ತಿದ್ದೆ. ಅಷ್ಟು ಶ್ರದ್ಧೆಯನ್ನು ಬೇರಾವ ಕೆಲಸಕ್ಕೂ ತೋರಿದವನಲ್ಲ ನಾನು.

ಮೂರನೆಯ ತಿಂಗಳು ಅಕ್ಕ ನೀರಿನಿಂದ ಎದ್ದವಳೇ ನೇರವಾಗಿ ನನ್ನ ಬಾಗಿಲಿಗೆ ಬಂದಳು.

“ಜೆಟ್ಟಿ ಕಡೆಯ ನಾಲ್ಕು ಚೌಕಟ್ಟಿನ ಹವಳ ಬಿಳುಚಿಕೊಂಡು ಸಾಯ್ತಿದೆ ಕಣೋ. ಕಣ್ಣು ಮುಚ್ಕೊಂಡು ಜನರನ್ನ ಬಿಡ್ತಿದ್ದೀಯಾ?”

“ಒಂದು ಟ್ಯೂಬೂ ಬಿಟ್ಟಿಲ್ಲಕ್ಕಾ.”

“ಹಾಗಾದ್ರೆ ಇದು ಮೀಸೆಯದೇ ಕೆಲಸ. ದೋಣೀಲಿ ಕದ್ದು ಮಾರ್ತಿದ್ದಾನೆ.”

ಮೀಸೆ ಎಂದರೆ ಪ್ರವಾಸಿಗರ ದೋಣಿ ನಡೆಸುವವನು. ನಿಯಮವನ್ನು ಬಹಿರಂಗವಾಗಿ ಬೈದಿದ್ದವನು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತಪಾಸಣೆಯನ್ನು ಬಿಗಿಗೊಳಿಸಿದೆ. ಟ್ಯೂಬುಗಳು ಹೆಚ್ಚಿದವು, ತೊಳೆಯುವುದೂ ಹೆಚ್ಚಿತು.

ಒಂದು ಬೆಳಿಗ್ಗೆ ಸಿಂಕು ಕಟ್ಟಿಕೊಂಡಿತು. ಪ್ಲಂಬರ್ ನೆಲದ ಹಲಗೆ ಎತ್ತಿ ಶಿಳ್ಳೆ ಹಾಕಿದ.

“ಇದಕ್ಕೇನು ಸ್ವಾಮಿ, ಹೊಟ್ಟೆ ತುಂಬ ಬೆಣ್ಣೆ ತಿನ್ನಿಸಿದ್ದೀರಾ?”

“ಚರಂಡಿ ಪೈಪ್ ತಾನೇ, ಬಿಡಿಸಿಬಿಡು.”

“ಚರಂಡಿ ಎಲ್ಲಿ ಬಂತು? ಬರೀ ಕೈ ತೊಳೆಯೋ ಸಿಂಕು ಅಂತ ಸೀದಾ ಸಮುದ್ರಕ್ಕೆ ಬಿಟ್ಟಿದ್ದಾರೆ.”

ಬಗ್ಗಿ ನೋಡಿದೆ. ಕೊಳವೆಯ ಬಾಯಿಯ ಕೆಳಗೆ, ನೀರಿನ ಮೇಲೆ, ಎಣ್ಣೆಯ ತೆಳುಪದರ. ಅದರ ಅಡಿಯಲ್ಲಿ ಆ ನಾಲ್ಕು ಚೌಕಟ್ಟುಗಳು. ಆ ಪದರವನ್ನು ಮೊದಲೂ ಕಂಡಿದ್ದೆ. ದೋಣಿಯದೆಂದು ನಂಬುವುದು ನನಗೆ ಹಿತವಾಗಿತ್ತು.

ಮೀಸೆಯ ಪರವಾನಗಿ ರದ್ದು ಮಾಡಿಸುವ ಅರ್ಜಿ ಹಿಡಿದು ಅಕ್ಕ ಅಂದೇ ಬಂದರಿನ ಕಚೇರಿಗೆ ಹೊರಟಿದ್ದಳು. ಓಡಿಹೋಗಿ, ಕಚೇರಿಯ ಮೆಟ್ಟಿಲಿನಲ್ಲಿ ತಡೆದು, ಎಲ್ಲವನ್ನೂ ಹೇಳಿದೆ.

“ಯಾವತ್ತಿಂದ?”

“ಮೊದಲ ದಿನದಿಂದ.”

“ಇಡೀ ಕೊಲ್ಲೀಲಿ ಚದುರಿಹೋಗ್ತಿದ್ದದ್ದನ್ನ ಒಟ್ಟು ಮಾಡಿ ಅವುಗಳ ತಲೆ ಮೇಲೇ ಸುರಿದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿ ಏರಲೇ ಇಲ್ಲ. ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡಳು.

“ಉಳಿದವನ್ನ ಈಗಲೇ ಆಚೆ ಸಾಗಿಸಬೇಕು. ಮೀಸೆ ಹತ್ರ ದೋಣಿ ಕೇಳು. ಯಾಕೆ ಅಂತಾನೂ ನೀನೇ ಹೇಳು.”

ಹೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಹತ್ತಿ ಸಾಹೇಬ್ರೇ. ನಾನು ಯಾರ ಚೀಲಾನೂ ನೋಡಲ್ಲ.”

ಮಧ್ಯಾಹ್ನದವರೆಗೆ ಅಕ್ಕ ಮುಳುಗಿ ಹಗ್ಗ ಬಿಗಿದಳು. ಮೀಸೆಯೂ ನಾನೂ ಏಳು ಚೌಕಟ್ಟುಗಳನ್ನು ನೀರಿನಿಂದ ಮೇಲೆತ್ತದೆ ದೋಣಿಯ ಪಕ್ಕಕ್ಕೆ ಕಟ್ಟಿದೆವು. ಬಿಳುಚಿದ ನಾಲ್ಕಕ್ಕೆಂದು ತಂದಿದ್ದ ಹಗ್ಗಗಳು ನನ್ನ ಕೈಯಲ್ಲೇ ಉಳಿದಿದ್ದವು. ಅವನ್ನು ಅವಳತ್ತ ಚಾಚಿದೆ.

ಅವಳು ಮೀಸೆಯ ಕಡೆ ತಿರುಗಿ, “ಹೊರಡೋಣ ಅಣ್ಣಾ,” ಎಂದಳು.